ಹಾಡು ಕೇಳಲು ಹೊರಟ ವಿಯೊಲೆಟಾ ಪಾರ್ರಾ

ಇಲ್ಲಿ ಬೆಳೆಯುವ ನಮ್ಮ ಮಕ್ಕಳಲ್ಲಿ ಅನೇಕರು ವಾರದ ದಿನಗಳ ಶಾಲೆಯಲ್ಲಿ ಸ್ಪ್ಯಾನಿಷ್ ಭಾಷೆ ಆರಿಸಿಕೊಳ್ಳುತ್ತಾರೆ. ಆ ತರಗತಿಯಲ್ಲಿ ಒಂದಲ್ಲ ಒಂದು ದಿನ ಅವರ ಕಿವಿಗೆ ಬೀಳಬಹುದಾದ ಹಾಡು ‘ಗ್ರಾಸಿಯಾಸ್ ಆ ಲಾ ವೀದಾ’. ಬದುಕಿಗೆ ಕೃತಜ್ಞತೆ ಎಂದು ಅದರ ಅರ್ಥ. ಅರ್ಜೆಂಟೀನಾದ ಮೆರ್ಸೆಡಿಸ್ ಸೋಸಾ ಹಾಡಿದ್ದನ್ನೋ ಅಮೆರಿಕದ ಜೋನ್ ಬಯಾಜ್ ಹಾಡಿದ್ದನ್ನೋ ಜನ ಹೆಚ್ಚಾಗಿ ಕೇಳಿರುತ್ತಾರೆ. ಆದರೆ ಅದನ್ನು ಬರೆದು, ರಾಗ ಹಾಕಿ, ಮೊದಲು ಹಾಡಿದವರು ಚಿಲಿ ದೇಶದ ವಿಯೊಲೆಟಾ ಪಾರ್ರಾ. 1917ರಲ್ಲಿ ಹುಟ್ಟಿ 1967ರಲ್ಲಿ ತೀರಿಕೊಂಡ ಹಾಡುಗಾರ್ತಿ.

ಕನ್ನಡ ಶಾಲೆಯ ಪದವಿ ಪ್ರದಾನದ ಸಂಚಿಕೆಯಲ್ಲಿ ಚಿಲಿಯ ಹಾಡುಗಾರ್ತಿಯ ಕಥೆ ಯಾಕೆ ಎಂದು ಪೋಷಕರು ಕೇಳಬಹುದು. ಕಾರಣ ಇಷ್ಟೇ. ಅವರು ಹುಟ್ಟಿದ್ದು ಹಾಡಿನ ಮನೆಯಲ್ಲಿ. ಅಪ್ಪ ಸಂಗೀತದ ಮೇಷ್ಟ್ರು, ಅಮ್ಮ ಹಳ್ಳಿಯ ಪದಗಳನ್ನು ಬಲ್ಲವರು, ಒಡಹುಟ್ಟಿದವರೆಲ್ಲ ಹಾಡುವವರು. ಹಾಗಿದ್ದೂ ತನ್ನ ನಾಡಿನ ಹಾಡು ಅವರಿಗೆ ತಾನಾಗಿ ದಕ್ಕಲಿಲ್ಲ. ಮೂವತ್ತೈದು ದಾಟಿದ ಮೇಲೆ, ಮಕ್ಕಳ ತಾಯಿಯಾದ ಮೇಲೆ, ಗಿಟಾರ್ ಹೆಗಲಿಗೆ ಹಾಕಿಕೊಂಡು ಮುದುಕರ ಮನೆಬಾಗಿಲಿಗೆ ಹೋಗಿ ಕೇಳಿ ಕಲಿಯಬೇಕಾಯಿತು. ಮನೆಯಲ್ಲಿ ಇದ್ದದ್ದು ಮಕ್ಕಳಿಗೆ ತಾನೇ ಬರುತ್ತದೆ ಎಂದು ನಾವೆಲ್ಲ ಒಂದು ಕಾಲಕ್ಕೆ ನಂಬಿದ್ದೆವು. ಹಾಗೆ ಬರುವುದಿಲ್ಲ ಎಂದು ತಿಳಿದ ಮೇಲೆ ತಾನೇ ನಾವು ವಾರಾಂತ್ಯದ ಬೆಳಿಗ್ಗೆ ಮಕ್ಕಳನ್ನು ಎಬ್ಬಿಸಿ ಇಲ್ಲಿಗೆ ಕರೆತರುತ್ತಿರುವುದು!

ಮೇಷ್ಟರ ಮನೆಯ ಗಿಟಾರ್

ದಕ್ಷಿಣ ಅಮೆರಿಕದ ಪಶ್ಚಿಮ ಅಂಚಿನಲ್ಲಿ, ಆಂಡೀಸ್ ಪರ್ವತಕ್ಕೂ ಪೆಸಿಫಿಕ್ ಸಾಗರಕ್ಕೂ ನಡುವೆ, ರಿಬ್ಬನ್ ಎಳೆಯಂತೆ ಉದ್ದಕ್ಕೆ ಮಲಗಿರುವ ದೇಶ ಚಿಲಿ. ಅದರ ನಡುಭಾಗದಿಂದ ಸ್ವಲ್ಪ ದಕ್ಷಿಣಕ್ಕೆ ನ್ಯೂಬ್ಲೆ ಎಂಬ ಸೀಮೆಯಿದೆ. ಹೊಲ, ತೋಟ, ದ್ರಾಕ್ಷಿಯ ಊರುಗಳು. 1917ರ ಅಕ್ಟೋಬರ್ 4ರಂದು ವಿಯೊಲೆಟಾ ಹುಟ್ಟಿದ್ದು ಅಲ್ಲಿ. ತಂದೆ ನಿಕನೋರ್ ಪಾರ್ರಾ ಪ್ರಾಥಮಿಕ ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದರು. ಗಿಟಾರ್, ಪಿಟೀಲು ಎರಡೂ ಅವರಿಗೆ ಬರುತ್ತಿದ್ದವು. ತಾಯಿ ಕ್ಲಾರಿಸಾ ಸಾಂದೋವಾಲ್ ರೈತರ ಮನೆಯ ಹೆಣ್ಣು. ಹೊಲಿಗೆ ಯಂತ್ರದ ಮುಂದೆ ಕೂತು ಸಂಸಾರ ಸಾಗಿಸಿದವರು. ಹಳ್ಳಿಯ ಪದಗಳನ್ನು ಹಾಡುತ್ತ ಹೊಲಿಯುವುದು ಅವರ ಅಭ್ಯಾಸ.

ಮನೆ ತುಂಬ ಮಕ್ಕಳು. ಹಿರಿಯವ ತಂದೆಯ ಹೆಸರನ್ನೇ ಹೊತ್ತ ನಿಕನೋರ್. ಮುಂದೆ ಲೆಕ್ಕ ಮತ್ತು ಭೌತವಿಜ್ಞಾನ ಕಲಿಸುವ ಪ್ರಾಧ್ಯಾಪಕನಾಗಿ, ಸ್ಪ್ಯಾನಿಷ್ ಭಾಷೆಯ ದೊಡ್ಡ ಕವಿಗಳಲ್ಲಿ ಒಬ್ಬನಾದವನು. ಅವನ ಬೆನ್ನಿಗೆ ಹಿಲ್ಡಾ, ವಿಯೊಲೆಟಾ, ಲಾಲೊ, ರೊಬೆರ್ತೊ ಮತ್ತೆ ಕಿರಿಯರು. ಮೇಷ್ಟರ ಕೆಲಸಕ್ಕಾಗಿ ಸಂಸಾರ ಊರಿಂದೂರಿಗೆ ಹೋಗುತ್ತಿತ್ತು. ಎಳವೆಯಲ್ಲಿಯೇ ವಿಯೊಲೆಟಾಗೆ ಸಿಡುಬು ಬಂದು ಮುಖದ ಮೇಲೆ ಕಲೆ ಉಳಿಯಿತು. ಆ ಕಲೆಗಳ ಬಗ್ಗೆ ದೊಡ್ಡವಳಾದ ಮೇಲೆ ಪದ್ಯದಲ್ಲಿ ಮುಚ್ಚುಮರೆಯಿಲ್ಲದೆ ಬರೆದುಕೊಂಡಳು.

ತಾವೇ ಸಂಗೀತಗಾರರಾಗಿದ್ದರೂ ಮಕ್ಕಳು ಸಂಗೀತದ ದಾರಿ ಹಿಡಿಯುವುದು ತಂದೆಗೆ ಬೇಡವಾಗಿತ್ತು. ಓದಿ, ಕೆಲಸ ಹಿಡಿಯಲಿ ಎಂಬ ಆಸೆ. ಆ ಆಸೆ ನಮಗೂ ಹೊಸದಲ್ಲ. ಗಿಟಾರನ್ನು ಬೀಗ ಹಾಕಿ ಇಡುತ್ತಿದ್ದರಂತೆ. ಬೀಗದ ಕೈ ಎಲ್ಲಿದೆ ಎಂದು ಪತ್ತೆ ಮಾಡಿದ ಹುಡುಗಿ, ಅಪ್ಪ ಬೆರಳಿಡುತ್ತಿದ್ದ ಜಾಗಗಳನ್ನು ನೆನಪಿಟ್ಟುಕೊಂಡು, ಕದ್ದು ನುಡಿಸುತ್ತ ಒಂಬತ್ತರ ಹೊತ್ತಿಗೆ ಕಲಿತುಬಿಟ್ಟಳು.

1920ರ ದಶಕದ ಕೊನೆಯಲ್ಲಿ ಕರ್ನಲ್ ಇಬಾನ್ಯೆಸ್ ಅಧಿಕಾರಕ್ಕೆ ಬಂದಾಗ ತಂದೆ ಕೆಲಸ ಕಳೆದುಕೊಂಡರು. ಕೆಲಸ ಹೋದ ಮೇಲೆ ಕುಡಿತ ಹೆಚ್ಚಿತು, ಇದ್ದಬದ್ದ ಜಮೀನು ಕೈಬಿಟ್ಟಿತು, ಕ್ಷಯ ಹತ್ತಿಕೊಂಡಿತು. ವಿಯೊಲೆಟಾಗೆ ಹದಿಮೂರರ ಆಸುಪಾಸಿನಲ್ಲಿ ತಂದೆ ತೀರಿಕೊಂಡರು. ಆಮೇಲೆ ಆ ಮನೆಯಲ್ಲಿ ಹಾಡು ಹೊಟ್ಟೆಪಾಡಾಯಿತು. ಮಕ್ಕಳು ರೈಲುಗಳಲ್ಲಿ, ಸಂತೆಗಳಲ್ಲಿ, ಊರೂರು ತಿರುಗುವ ಸರ್ಕಸ್ಸುಗಳಲ್ಲಿ ಹಾಡಿ ಕಾಸು, ಕೆಲವೊಮ್ಮೆ ಕಾಳುಕಡ್ಡಿ ತರುತ್ತಿದ್ದರು.

ಬೇರೆಯವರ ಹಾಡು

ಹದಿನೈದರ ಹೊತ್ತಿಗೆ ವಿಯೊಲೆಟಾ ರಾಜಧಾನಿ ಸಾಂಟಿಯಾಗೊಗೆ ಬಂದಳು. ಅಣ್ಣ ನಿಕನೋರ್ ಅಲ್ಲಿ ಓದುತ್ತಿದ್ದ. ತಂಗಿಯೂ ಓದಲಿ ಎಂದು ಶಿಕ್ಷಕಿಯರ ತರಬೇತಿ ಶಾಲೆಗೆ ಸೇರಿಸಿದ. ಆದರೆ ಅವಳಿಗೆ ಅದು ಹಿಡಿಸಲಿಲ್ಲ. ಓದು ಅರ್ಧಕ್ಕೆ ನಿಂತಿತು. ಅಕ್ಕ ಹಿಲ್ಡಾ ಮತ್ತು ತಮ್ಮಂದಿರ ಜೊತೆ ಪಟ್ಟಣದ ಬಾರುಗಳಲ್ಲಿ, ಖಾನಾವಳಿಗಳಲ್ಲಿ ಹಾಡತೊಡಗಿದಳು.

ಅಲ್ಲಿಗೆ ಬರುವ ಗಿರಾಕಿಗಳಿಗೆ ಬೇಕಾಗಿದ್ದದ್ದು ರೇಡಿಯೊದಲ್ಲಿ ಕೇಳಿದ ಹಾಡು. ಮೆಕ್ಸಿಕೊದ ರಾಂಚೆರಾ, ಕ್ಯೂಬಾ ಕಡೆಯಿಂದ ಬಂದ ಬೊಲೆರೊ, ಅರ್ಜೆಂಟೀನಾದ ಟ್ಯಾಂಗೊ. ಇವುಗಳ ಜೊತೆಗೆ ಚಿಲಿಯ ಕುಯೇಕಾ ಕುಣಿತದ ಹಾಡೂ ಒಂದಿಷ್ಟು. 1940ರ ದಶಕದಲ್ಲಿ ಕೆಲಕಾಲ ವಿಯೊಲೆಟಾ ಸ್ಪೇನ್ ದೇಶದ ಹಾಡುಗಳನ್ನು, ಆ ದೇಶದ ಉಡುಪು ತೊಟ್ಟು, ವಿಯೊಲೆಟಾ ದೆ ಮಾಯೊ ಎಂಬ ಹೆಸರಿನಲ್ಲಿ ಹಾಡಿದ್ದೂ ಉಂಟು. ಆ ಕಾಲದ ಚಿಲಿಯಲ್ಲಿ ಹಳ್ಳಿಯ ಸಂಗೀತ ಎಂದು ರೇಡಿಯೊದಲ್ಲಿ ಬರುತ್ತಿದ್ದದ್ದು ಜಮೀನುದಾರರ ಮನೆಯ ಅಂದಚಂದವನ್ನು ವರ್ಣಿಸುವ ನಯವಾದ ಹಾಡುಗಳು. ಹೊಲದಲ್ಲಿ ದುಡಿಯುವವರು ಹಾಡುತ್ತಿದ್ದದ್ದು ಅದಲ್ಲ.

1938ರಲ್ಲಿ ರೈಲ್ವೆ ಕೆಲಸಗಾರ ಲೂಯಿಸ್ ಸೆರೆಸೇದಾ ಜೊತೆ ಮದುವೆಯಾಯಿತು. ಮರುವರ್ಷ ಮಗಳು ಇಸಾಬೆಲ್, 1943ರಲ್ಲಿ ಮಗ ಆಂಹೆಲ್ ಹುಟ್ಟಿದರು. ಮನೆಯಲ್ಲಿರುವ ಹೆಂಡತಿ ಬೇಕೆಂದವನಿಗೂ ಹಾಡದೆ ಇರಲಾರದವಳಿಗೂ ಹೊಂದಿಕೆಯಾಗಲಿಲ್ಲ. ಹತ್ತು ವರ್ಷಕ್ಕೆ ಬೇರೆಯಾದರು. ಎರಡನೆಯ ಮದುವೆ ಲೂಯಿಸ್ ಆರ್ಸೆ ಜೊತೆ. ಅದರಿಂದ ಇನ್ನಿಬ್ಬರು ಹೆಣ್ಣುಮಕ್ಕಳು. ಈ ನಡುವೆ ಹಿಲ್ಡಾ ಮತ್ತು ವಿಯೊಲೆಟಾ ‘ಪಾರ್ರಾ ಸೋದರಿಯರು’ ಎಂಬ ಹೆಸರಿನಲ್ಲಿ ಗ್ರಾಮಫೋನ್ ತಟ್ಟೆಗಳನ್ನು ತಂದರು. ಹೆಸರು ಬಂತು, ಒಂದಿಷ್ಟು ಹಣವೂ ಬಂತು. ಅಲ್ಲಿಗೇ ನಿಂತಿದ್ದರೆ ಒಬ್ಬ ಜನಪ್ರಿಯ ಪಟ್ಟಣದ ಗಾಯಕಿಯಾಗಿ ಅವರ ಕಥೆ ಮುಗಿಯುತ್ತಿತ್ತು.

ಮೂವತ್ತೈದರಲ್ಲಿ ಮತ್ತೆ ವಿದ್ಯಾರ್ಥಿನಿ

1950ರ ದಶಕದ ಮೊದಲ ವರ್ಷಗಳಲ್ಲಿ ಅಣ್ಣ ನಿಕನೋರ್ ಮತ್ತೆ ತಂಗಿಯ ದಾರಿಗೆ ಅಡ್ಡ ಬಂದರು, ಈ ಸಲ ಒಳ್ಳೆಯ ರೀತಿಯಲ್ಲಿ. ಚಿಲಿಯ ಹಳ್ಳಿಗರ ಪದ್ಯಗಳ ಬಗ್ಗೆ ಅವರಿಗೆ ಆಸಕ್ತಿ ಹುಟ್ಟಿತ್ತು. ನಮ್ಮ ಅಮ್ಮ ಹಾಡುತ್ತಿದ್ದದ್ದು, ಚಿಕ್ಕವರಿದ್ದಾಗ ಹೊಲದ ಬದಿಯಲ್ಲಿ ಕೇಳಿದ್ದು, ಅದನ್ನೆಲ್ಲ ಹುಡುಕು ಎಂದು ತಂಗಿಯನ್ನು ಹುರಿದುಂಬಿಸಿದರು. ವಿಯೊಲೆಟಾ ಮೊದಲು ಅಮ್ಮನ ಹತ್ತಿರ ಕೂತು ನೆನಪಿದ್ದ ಪದಗಳನ್ನು ಕೇಳಿಕೊಂಡರು. ಆಮೇಲೆ ಸಾಂಟಿಯಾಗೊ ಸುತ್ತಲಿನ ಬರ್ರಾಂಕಾಸ್, ಪುಯೆಂತೆ ಆಲ್ತೊ, ಪಿರ್ಕೆ ಮೊದಲಾದ ಊರುಗಳಿಗೆ ಹೊರಟರು. ಕೈಯಲ್ಲಿ ಒಂದು ನೋಟ್‌ಬುಕ್, ಹೆಗಲಲ್ಲಿ ಗಿಟಾರ್.

ಅವರು ಹುಡುಕುತ್ತಿದ್ದದ್ದು ಏನು? ಚಿಲಿಯ ಹಳ್ಳಿಗಳಲ್ಲಿ ದೇವರ ಪದ, ಲೋಕದ ಪದ ಎಂದು ಎರಡು ಬಗೆಯ ದೊಡ್ಡ ಹಾಡುಗಳಿದ್ದವು. ಬೈಬಲ್ಲಿನ ಕಥೆ, ಸಂತರ ಮಹಿಮೆ ಒಂದರಲ್ಲಿ. ಪ್ರೀತಿ, ಬಡತನ, ಊರಿನ ಸುದ್ದಿ ಇನ್ನೊಂದರಲ್ಲಿ. ಎರಡಕ್ಕೂ ಮೈ ಒಂದೇ: ‘ದೇಸಿಮಾ’ ಎಂಬ ಹತ್ತು ಸಾಲಿನ ಪದ್ಯ. ಒಂದೊಂದು ಸಾಲಿಗೆ ಎಂಟು ಉಚ್ಚಾರಾಂಶ, ಪ್ರಾಸ ಬೀಳುವ ಜಾಗ ಇಂಥದೇ ಎಂದು ಕಟ್ಟುಪಾಡು. ನಮ್ಮ ಬೀಸುವ ಪದಗಳಿಗೆ ತ್ರಿಪದಿ ಹೇಗೋ ಅವರಿಗೆ ದೇಸಿಮಾ ಹಾಗೆ. ಸ್ಪೇನ್‌ನಿಂದ ನಾಲ್ಕು ಶತಮಾನಗಳ ಹಿಂದೆ ಹಡಗಿನಲ್ಲಿ ಬಂದ ಈ ಮಟ್ಟು, ಓದುಬರಹ ಬಾರದ ಕೂಲಿಗಳ ಬಾಯಲ್ಲಿ ಇನ್ನೂ ತಪ್ಪಿಲ್ಲದೆ ಉಳಿದಿತ್ತು. ಆದರೆ ಹಾಡುವವರು ಎಪ್ಪತ್ತು, ಎಂಬತ್ತು ದಾಟಿದವರು. ಅವರ ಮಕ್ಕಳು ಪಟ್ಟಣ ಸೇರಿದ್ದರು. ಕೇಳುವವರಿಲ್ಲದೆ ಹಾಡು ಅವರ ಎದೆಯಲ್ಲೇ ಉಳಿದುಹೋಗಿತ್ತು.

ಹೊಲದ ಕೂಲಿ ಇಸಾಯಾಸ್ ಆಂಗುಲೊ ಅವರಿಗೆ ಸಿಕ್ಕ ದೊಡ್ಡ ಗುರು. ಗಿಟಾರ್ರೋನ್ ಎಂಬ ಇಪ್ಪತ್ತೈದು ತಂತಿಗಳ ಹಳೆಯ ವಾದ್ಯವನ್ನು ನುಡಿಸುತ್ತ ರಾತ್ರಿಯಿಡೀ ಹಾಡಬಲ್ಲವರಾಗಿದ್ದರು. ಆ ವಾದ್ಯವನ್ನೂ ಆ ಹಾಡನ್ನೂ ಅದುವರೆಗೆ ಹಿಡಿದುಕೊಂಡು ಬಂದವರು ಹೆಚ್ಚಾಗಿ ಗಂಡಸರೇ. ಹೆಣ್ಣುಮಗಳೊಬ್ಬಳು ಎದುರು ಕೂತು ಕಲಿಸಿ ಎಂದಾಗ ಆಂಗುಲೊ ಇಲ್ಲವೆನ್ನದೆ ಕಲಿಸಿದರು. ಇನ್ನೊಬ್ಬ ಗುರು ರೋಸಾ ಲೋರ್ಕಾ. ಊರಿನ ಸೂಲಗಿತ್ತಿ, ನಾಟಿ ಮದ್ದು ಬಲ್ಲವರು. ಕೂಸು ಸತ್ತ ಮನೆಯಲ್ಲಿ ಅದನ್ನು ಸಿಂಗರಿಸಿ ಕೂರಿಸುವ ಕೆಲಸವೂ ಅವರದೇ.

ಈ ಕೊನೆಯ ಮಾತನ್ನು ಬಿಡಿಸಿ ಹೇಳಬೇಕು. ಚಿಲಿಯ ಹಳ್ಳಿಗಳಲ್ಲಿ ಎಳೆಗೂಸು ತೀರಿಕೊಂಡರೆ ಅದು ನೇರವಾಗಿ ಸ್ವರ್ಗಕ್ಕೆ ಹೋಗುವ ಪುಟ್ಟ ದೇವದೂತ ಎಂದು ನಂಬುತ್ತಿದ್ದರು. ಬಿಳಿ ಬಟ್ಟೆ ಉಡಿಸಿ, ಕಾಗದದ ರೆಕ್ಕೆ ಕಟ್ಟಿ, ಹೂವಿನ ನಡುವೆ ಕುರ್ಚಿಯಲ್ಲಿ ಕೂರಿಸುತ್ತಿದ್ದರು. ಹಾಡುಗಾರರು ಬಂದು ಬೆಳಗಿನವರೆಗೆ ಹಾಡುತ್ತಿದ್ದರು. ಕೊನೆಯ ಪದ ಕೂಸೇ ತಾಯಿಗೆ ಸಮಾಧಾನ ಹೇಳಿ ಬೀಳ್ಕೊಳ್ಳುವ ಪದ. ಇಂಥ ಪದಗಳನ್ನು ರಂಗದ ಮೇಲೆ ಹಾಡಿಸಿ ಬರೆದುಕೊಳ್ಳಲಾಗದು. ಅಂಥ ಮನೆಗಳಿಗೆ ಹೋಗಿ, ಆ ರಾತ್ರಿ ಅವರ ಜೊತೆ ಕೂರಬೇಕು. ವಿಯೊಲೆಟಾ ಹಾಗೆ ಕೂತರು.

ಅವರಿಗೆ ಸ್ವರಲಿಪಿ ಓದಲು ಬರುತ್ತಿರಲಿಲ್ಲ. ಹಾಡನ್ನು ಕೇಳಿ, ಮತ್ತೆ ಮತ್ತೆ ಹಾಡಿ, ಬಾಯಿಪಾಠ ಮಾಡಿಕೊಂಡು ಊರಿಗೆ ಬರುತ್ತಿದ್ದರು. ಸಂಗೀತ ಶಾಸ್ತ್ರ ಬಲ್ಲ ಗಾಸ್ತೊನ್ ಸುಬ್ಲೆಟ್ ಅವುಗಳನ್ನು ಸ್ವರಕ್ಕೆ ಇಳಿಸಿಕೊಟ್ಟರು. ಈ ಹಾಡುಗಳೂ ಹಾಡಿದವರ ಕಥೆಗಳೂ ಸೇರಿದ ‘ಚಿಲಿಯ ಜಾನಪದ ಹಾಡುಗಳು’ ಎಂಬ ಪುಸ್ತಕ ಅಚ್ಚಾದದ್ದು 1979ರಲ್ಲಿ, ವಿಯೊಲೆಟಾ ತೀರಿಕೊಂಡು ಹನ್ನೆರಡು ವರ್ಷವಾದ ಮೇಲೆ. ಆ ಪುಸ್ತಕದಲ್ಲಿ ಪ್ರತಿ ಹಾಡಿನ ಜೊತೆ ಅದನ್ನು ಕೊಟ್ಟವರ ಹೆಸರಿದೆ, ಅವರ ಮನೆ ಎಲ್ಲಿ, ಕಸುಬೇನು ಎಂಬುದಿದೆ. ಹಾಡು ಜಾನಪದ ಎಂದ ಮಾತ್ರಕ್ಕೆ ಹಾಡಿದವರು ಹೆಸರಿಲ್ಲದವರಾಗಬಾರದು ಎಂಬ ಎಚ್ಚರ ಅದು.

ಕವಿ ಪಾಬ್ಲೊ ನೆರೂದ ತಮ್ಮ ಮನೆಯಲ್ಲಿ ಅವರ ಹಾಡುಗಾರಿಕೆ ಏರ್ಪಡಿಸಿದರು. 1954ರಲ್ಲಿ ರೇಡಿಯೊ ಚಿಲೇನಾದಲ್ಲಿ ಅವರದೇ ಕಾರ್ಯಕ್ರಮ ಶುರುವಾಯಿತು. ಪಟ್ಟಣಕ್ಕೆ ವಲಸೆ ಬಂದಿದ್ದ ಹಳ್ಳಿಗರು ತಮ್ಮ ಅಜ್ಜಿಯ ಹಾಡು ರೇಡಿಯೊದಲ್ಲಿ ಬರುವುದನ್ನು ಕೇಳಿ ಪತ್ರಗಳ ರಾಶಿ ಕಳಿಸಿದರು. ವರ್ಷದ ಅತ್ಯುತ್ತಮ ಜಾನಪದ ಕಲಾವಿದೆಗೆ ಕೊಡುವ ಕೌಪೊಲಿಕಾನ್ ಪ್ರಶಸ್ತಿಯೂ ಬಂತು.

ದೂರದ ಊರು

1955ರಲ್ಲಿ ಪೋಲೆಂಡಿನ ವಾರ್ಸಾದಲ್ಲಿ ನಡೆದ ವಿಶ್ವ ಯುವಜನ ಉತ್ಸವಕ್ಕೆ ಅವರಿಗೆ ಕರೆ ಬಂತು. ಕೊನೆಯ ಮಗಳು ರೋಸಿತಾ ಕ್ಲಾರಾ ಇನ್ನೂ ಕೈಗೂಸು. ಮಗುವನ್ನು ಮನೆಯವರ ಹತ್ತಿರ ಬಿಟ್ಟು ಹೊರಟರು. ಅವರು ಯುರೋಪಿನಲ್ಲಿರುವಾಗಲೇ ಆ ಕೂಸು ಕಾಯಿಲೆಯಿಂದ ತೀರಿಕೊಂಡ ಸುದ್ದಿ ಬಂತು. ಎಷ್ಟೋ ಮನೆಗಳಲ್ಲಿ ಬೇರೆಯವರ ಕೂಸಿಗೆ ಬೀಳ್ಕೊಡುಗೆಯ ಪದ ಕೇಳಿಸಿಕೊಂಡ ತಾಯಿಗೆ ತನ್ನ ಮಗುವಿನ ಎದುರು ಕೂರುವ ರಾತ್ರಿ ಸಿಗಲಿಲ್ಲ. ಆ ಸಂಕಟವನ್ನೂ, ಬಿಟ್ಟು ಬಂದೆನಲ್ಲ ಎಂಬ ಕೊರಗನ್ನೂ ಅವರು ದೇಸಿಮಾದಲ್ಲೇ ಬರೆದರು. ಊರಿನಿಂದ ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬಂದಾಗ ಎದೆ ಝಲ್ಲೆನ್ನುವುದು ಏನೆಂದು ಗೊತ್ತಿರುವ ನಮಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ತಕ್ಷಣ ಹಿಂದಿರುಗಲಿಲ್ಲ. ಪ್ಯಾರಿಸಿನಲ್ಲಿ ನಿಂತು, ಲ್ಯಾಟಿನ್ ಕ್ವಾರ್ಟರ್‌ನ ‘ಲೆಸ್ಕಾಲ್’ ಎಂಬ ಸಣ್ಣ ಹೋಟೆಲಿನಲ್ಲಿ ರಾತ್ರಿ ಹಾಡುತ್ತಿದ್ದರು. ಅಲ್ಲಿಯ ಧ್ವನಿಸಂಗ್ರಹಾಲಯಕ್ಕೆ ಚಿಲಿಯ ಹಾಡುಗಳನ್ನು ಹಾಡಿ ಕೊಟ್ಟರು, ತಟ್ಟೆಗಳೂ ಬಂದವು. 1956ರ ಕೊನೆಯಲ್ಲಿ ಊರಿಗೆ ಮರಳಿ, ಕೊನ್ಸೆಪ್ಸಿಯೋನ್ ನಗರದ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಜಾನಪದ ಕಲೆಯ ವಸ್ತುಸಂಗ್ರಹಾಲಯವನ್ನು ಕಟ್ಟಿದರು. ದಕ್ಷಿಣದ ಚಿಲೊಯೆ ದ್ವೀಪಕ್ಕೆ ಹೋಗಿ ಅಲ್ಲಿಯ ಕುಣಿತದ ಹಾಡುಗಳನ್ನು ಕಲಿತರು. ಚಿಲಿಯ ಮೂಲನಿವಾಸಿಗಳಾದ ಮಾಪುಚೆ ಜನರ ನಡುವೆ ಇದ್ದು ಅವರ ಹಾಡುಗಳನ್ನು ಧ್ವನಿಮುದ್ರಿಸಿಕೊಂಡರು. ಅಣ್ಣನ ಒತ್ತಾಯಕ್ಕೆ ತಮ್ಮ ಜೀವನಕಥೆಯನ್ನೂ ದೇಸಿಮಾಗಳಲ್ಲೇ ಬರೆದರು. ಅದೂ ಪುಸ್ತಕವಾಗಿ ಬಂದದ್ದು ಅವರು ತೀರಿಕೊಂಡ ಮೇಲೆ, 1970ರಲ್ಲಿ.

ಕಾಮಾಲೆಯಂಥ ಕಾಯಿಲೆಯಿಂದ ತಿಂಗಳುಗಟ್ಟಲೆ ಹಾಸಿಗೆ ಹಿಡಿದಾಗ ಸುಮ್ಮನೆ ಮಲಗಿರಲು ಆಗಲಿಲ್ಲ. ಮನೆಯಲ್ಲಿದ್ದ ಬಟ್ಟೆಯ ಮೇಲೆ, ಗೋಣಿತಟ್ಟಿನ ಮೇಲೆ ಉಣ್ಣೆಯ ದಾರದಿಂದ ಕಸೂತಿ ಹಾಕತೊಡಗಿದರು. ಹೂವು, ಹಕ್ಕಿ, ಗಿಟಾರ್ ಹಿಡಿದ ಹೆಂಗಸು, ಯುದ್ಧ, ಸರ್ಕಸ್ಸು, ಏಸುವಿನ ಶಿಲುಬೆ. ಯಾರೂ ಕಲಿಸಿದ್ದಲ್ಲ. ತಾಯಿ ಹೊಲಿಗೆಯವರು ಎಂಬುದನ್ನು ಇಲ್ಲಿ ನೆನೆಯಬೇಕು. ಮುಂದೆ ಯುರೋಪಿಗೆ ಎರಡನೆಯ ಸಲ ಹೋಗಿ ಪ್ಯಾರಿಸ್ ಮತ್ತು ಜಿನೀವಾದಲ್ಲಿ ಇದ್ದಾಗ, 1964ರ ಏಪ್ರಿಲ್‌ನಲ್ಲಿ ಈ ಕಸೂತಿಗಳು, ಚಿತ್ರಗಳು, ತಂತಿಯ ಶಿಲ್ಪಗಳು ಲೂವ್ರ್ ಅರಮನೆಯ ಭಾಗದಲ್ಲಿರುವ ಅಲಂಕಾರ ಕಲೆಗಳ ವಸ್ತುಸಂಗ್ರಹಾಲಯದಲ್ಲಿ ಅವರೊಬ್ಬರದೇ ಪ್ರದರ್ಶನವಾಗಿ ತೆರೆದವು.

ಈ ವರ್ಷಗಳಲ್ಲೇ ಅವರ ಸ್ವಂತ ಹಾಡು ಗಟ್ಟಿಯಾಯಿತು. ಹತ್ತು ವರ್ಷ ಬೇರೆಯವರ ಹಾಡು ಕೇಳಿದ ಕಿವಿ ಈಗ ಹೊಸ ಹಾಡು ಕಟ್ಟುತ್ತಿತ್ತು. ಮುಷ್ಕರಕ್ಕೆ ಬೆಂಬಲವಾಗಿ ನಿಂತ ತಮ್ಮ ರೊಬೆರ್ತೊನನ್ನು ಪೊಲೀಸರು ಹಿಡಿದರೆಂಬ ಪತ್ರ ಪ್ಯಾರಿಸಿಗೆ ಬಂದಾಗ ಅದೇ ಒಂದು ಹಾಡಾಯಿತು. ಉತ್ತರದ ಗಣಿಗಳ ಕೂಲಿಗಳ ಬಿಸಿಲು, ಮಾಪುಚೆ ಜನರ ಕಳೆದುಹೋದ ನೆಲ, ವಿದ್ಯಾರ್ಥಿಗಳ ಗಲಾಟೆ, ಎಲ್ಲವೂ ಹಾಡಾದವು. ಮಟ್ಟು ಹಳೆಯದು, ಮಾತು ಅಂದಿನದು. ಹಳೆಯದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಯುವುದಷ್ಟೇ ಅವರ ಕೆಲಸವಾಗಿದ್ದರೆ ಇಂದು ಅವರ ಹೆಸರು ಸಂಶೋಧಕರಿಗೆ ಮಾತ್ರ ಗೊತ್ತಿರುತ್ತಿತ್ತು.

ಊರಾಚೆಯ ಟೆಂಟು

1965ರಲ್ಲಿ ವಿಯೊಲೆಟಾ ಚಿಲಿಗೆ ಮರಳಿದಾಗ ಅವರ ಮಕ್ಕಳು ಆಗಲೇ ಒಂದು ಕೆಲಸ ಮಾಡಿದ್ದರು. ಸಾಂಟಿಯಾಗೊ ಪಟ್ಟಣದ ನಡುವೆ, ಕಾರ್ಮೆನ್ ಬೀದಿಯ ಹಳೆಯ ಮನೆಯೊಂದರಲ್ಲಿ ಇಸಾಬೆಲ್ ಮತ್ತು ಆಂಹೆಲ್ ‘ಪಾರ್ರಾಗಳ ಪೇನ್ಯಾ’ ಎಂಬ ಹಾಡಿನ ಮನೆ ತೆರೆದಿದ್ದರು. ಮರದ ಬೆಂಚು, ಮೇಣದ ಬತ್ತಿ, ಒಂದು ಲೋಟ ವೈನ್, ಹಾಡು. ವಿಕ್ಟರ್ ಹಾರಾ ಹಾಡುತ್ತಿದ್ದದ್ದು ಅಲ್ಲೇ. ವಿಶ್ವವಿದ್ಯಾಲಯದ ಹುಡುಗ ಹುಡುಗಿಯರು ಕಿಕ್ಕಿರಿದು ಬರುತ್ತಿದ್ದರು.

ವಿಯೊಲೆಟಾಗೆ ಬೇಕಾಗಿದ್ದದ್ದು ಇನ್ನೂ ದೊಡ್ಡದು. ಪಟ್ಟಣದ ಪೂರ್ವದ ಅಂಚಿನಲ್ಲಿ, ಲಾ ರೇನಾ ಎಂಬ ಕಡೆ, ಪೌರಸಭೆ ಕೊಟ್ಟ ಜಾಗದಲ್ಲಿ ಸರ್ಕಸ್ಸಿನದರಂಥ ದೊಡ್ಡ ಟೆಂಟು ಹಾಕಿಸಿದರು. ಸುಮಾರು ಸಾವಿರ ಜನ ಕೂರುವಷ್ಟು ಜಾಗ. ಅಲ್ಲಿ ಬರೀ ಹಾಡುಗಾರಿಕೆಯಲ್ಲ. ಕುಣಿತ, ಗಿಟಾರ್, ಮಣ್ಣಿನ ಕೆಲಸ, ನೇಯ್ಗೆ ಎಲ್ಲವನ್ನೂ ಕಲಿಸುವ ಜನಪದರ ವಿದ್ಯಾಲಯವಾಗಬೇಕು ಎಂಬುದು ಅವರ ಕನಸು. 1965ರ ಡಿಸೆಂಬರ್‌ನಲ್ಲಿ ಟೆಂಟು ಶುರುವಾಯಿತು. ಅಡುಗೆ ಅವರೇ ಮಾಡುತ್ತಿದ್ದರು, ಬಡಿಸುತ್ತಿದ್ದರು, ಆಮೇಲೆ ಕೈ ಒರೆಸಿಕೊಂಡು ಹಾಡಲು ಕೂರುತ್ತಿದ್ದರು. ವಾಸವೂ ಅಲ್ಲೇ ಪಕ್ಕದಲ್ಲಿ, ಮಣ್ಣು ನೆಲದ ಸಣ್ಣ ಕೋಣೆಯಲ್ಲಿ.

ಜನ ಬರಲಿಲ್ಲ. ಊರಾಚೆಯ ಜಾಗ, ರಾತ್ರಿ ಹಿಂದಿರುಗಲು ಬಸ್ಸಿಲ್ಲ, ಚಳಿಗಾಲದಲ್ಲಿ ಕೆಸರು. ಮೊದಲ ಉತ್ಸಾಹ ಇಳಿದ ಮೇಲೆ ಸಾವಿರ ಜನರ ಟೆಂಟಿನಲ್ಲಿ ಬೆರಳೆಣಿಕೆಯ ಜನ ಕೂರುತ್ತಿದ್ದ ರಾತ್ರಿಗಳೇ ಹೆಚ್ಚಾದವು. ಚಿಲಿಯ ಹಾಡು ಉಳಿಯಬೇಕು ಎಂದು ಭಾಷಣ ಮಾಡುವವರಿಗೆ ಆಗಲೂ ಕೊರತೆಯಿರಲಿಲ್ಲ. ಸಂಜೆ ಬಸ್ಸು ಹಿಡಿದು ಬಂದು ಬೆಂಚಿನ ಮೇಲೆ ಕೂರುವವರಿಗೆ ಇತ್ತು. ಬಹಳ ವರ್ಷ ಜೊತೆಗಿದ್ದ ಸ್ವಿಟ್ಜರ್ಲೆಂಡಿನ ಸಂಗೀತಗಾರ ಗಿಲ್ಬೆರ್ ಫಾವ್ರ್ ಅವರನ್ನು ಬಿಟ್ಟು ಬೊಲಿವಿಯಾಗೆ ಹೋದರು. ಸಾಲ, ಒಂಟಿತನ, ಮುಂಗೋಪ ಎಲ್ಲ ಒಟ್ಟಿಗೆ ಬಂದವು. ವಿಯೊಲೆಟಾ ಸುಲಭದ ಮನುಷ್ಯರಾಗಿರಲಿಲ್ಲ ಎಂಬುದನ್ನು ಅವರ ಮಕ್ಕಳೇ ಬರೆದಿದ್ದಾರೆ.

ಇದೇ ಹೊತ್ತಿನಲ್ಲಿ, 1966ರಲ್ಲಿ, ಅವರ ಅತ್ಯುತ್ತಮ ತಟ್ಟೆ ಹೊರಬಂತು. ಅದಕ್ಕೆ ಅವರು ಇಟ್ಟ ಹೆಸರು ‘ಕೊನೆಯ ರಚನೆಗಳು’. ಹದಿನಾಲ್ಕು ಹಾಡು. ಇಸಾಬೆಲ್, ಆಂಹೆಲ್ ಇಬ್ಬರೂ ಜೊತೆಗೆ ನುಡಿಸಿದ್ದಾರೆ. ಮೊದಲ ಹಾಡೇ ಬದುಕಿಗೆ ಕೃತಜ್ಞತೆ ಹೇಳುವ ಹಾಡು. ಕಣ್ಣು, ಕಿವಿ, ಕಾಲು ಎಂದು ಬದುಕು ಕೊಟ್ಟದ್ದನ್ನೆಲ್ಲ ಒಂದೊಂದಾಗಿ ಎಣಿಸಿ ನೆನೆಯುವ ಸರಳ ಹಾಡು. ಅದೇ ತಟ್ಟೆಯಲ್ಲಿ ಲೋಕವನ್ನೆಲ್ಲ ಶಪಿಸುವ ಹಾಡೂ ಇದೆ. ಎರಡೂ ಒಬ್ಬರದೇ, ಒಂದೇ ಕಾಲದ್ದು.

1967ರ ಫೆಬ್ರವರಿ 5ರ ಭಾನುವಾರ ಅದೇ ಟೆಂಟಿನಲ್ಲಿ ವಿಯೊಲೆಟಾ ತಮ್ಮ ಕೈಯಾರೆ ಬದುಕು ಮುಗಿಸಿಕೊಂಡರು. ನಲವತ್ತೊಂಬತ್ತು ವರ್ಷ. ಕಾರಣವನ್ನು ಒಂದೇ ಒಂದಕ್ಕೆ ಕಟ್ಟಿಹಾಕುವುದು ಸರಿಯಲ್ಲ. ಆದರೆ ಬದುಕಿದ್ದಾಗ ಟೆಂಟಿಗೆ ಬಾರದ ಜನ ಅಂತ್ಯಯಾತ್ರೆಗೆ ಸಾವಿರಾರು ಸಂಖ್ಯೆಯಲ್ಲಿ ಬಂದರು ಎಂಬುದು ನಿಜ.

ಹಾಡು ಹೋದ ದಾರಿ

ಅವರು ಹೋದ ಮೇಲೆ ಹಾಡು ನಿಲ್ಲಲಿಲ್ಲ. ಕಾರ್ಮೆನ್ ಬೀದಿಯ ಮನೆಯಿಂದ ಹೊರಟ ಗಾಯಕರು, ಕಿಲಪಾಯುನ್, ಇಂತಿ ಇಲ್ಲಿಮಾನಿ ಮೊದಲಾದ ತಂಡಗಳು ಸೇರಿ ಚಿಲಿಯ ಹೊಸ ಹಾಡಿನ ಚಳವಳಿಯಾಯಿತು. ಎಲ್ಲರೂ ವಿಯೊಲೆಟಾರನ್ನು ತಾಯಿಯ ಜಾಗದಲ್ಲಿ ಇಟ್ಟರು. 1973ರ ಸೆಪ್ಟೆಂಬರ್ 11ರಂದು ಸೇನೆ ಅಧಿಕಾರ ಕಿತ್ತುಕೊಂಡಿತು. ಕೆಲವೇ ದಿನಗಳಲ್ಲಿ ವಿಕ್ಟರ್ ಹಾರಾರನ್ನು ಕೊಂದರು. ಆಂಹೆಲ್ ಪಾರ್ರಾ ಸೆರೆಶಿಬಿರ ಕಂಡು, ಆಮೇಲೆ ದೇಶ ಬಿಟ್ಟರು. ಇಸಾಬೆಲ್ ಕೂಡ ಬಿಟ್ಟರು. ಪೇನ್ಯಾ ಮುಚ್ಚಿತು.

ದೇಶ ಬಿಟ್ಟ ಚಿಲಿಯನ್ನರು ಪ್ಯಾರಿಸ್, ಸ್ಟಾಕ್‌ಹೋಮ್, ಮೆಕ್ಸಿಕೊ ನಗರ ಹೀಗೆ ಎಲ್ಲೆಲ್ಲೋ ನೆಲೆಸಿದರು. ಅಲ್ಲಿ ಬಾಡಿಗೆಯ ಸಭಾಂಗಣಗಳಲ್ಲಿ ವಾರಾಂತ್ಯ ಸೇರಿ ಹಾಡಿದ್ದು ಈ ಹಾಡುಗಳನ್ನೇ. ಅಲ್ಲಿ ಹುಟ್ಟಿದ, ಚಿಲಿಯನ್ನು ನೋಡದ ಮಕ್ಕಳು ಭಾಷೆಯ ಜೊತೆ ಇವನ್ನೂ ಕಲಿತರು. ಆಂಗುಲೊ, ರೋಸಾ ಲೋರ್ಕಾ ಅವರ ಬಾಯಿಂದ ಬಂದದ್ದು ವಿಯೊಲೆಟಾ ಕೈ ದಾಟಿ, ಆ ಹಳ್ಳಿಗರು ಹೆಸರನ್ನೂ ಕೇಳಿರದ ಊರುಗಳ ಮಕ್ಕಳಿಗೆ ತಲುಪಿತು. ವಲಸಿಗರ ವಾರಾಂತ್ಯ ಏನೆಂದು ಬಲ್ಲ ನಮಗೆ ಈ ಚಿತ್ರ ಹೊಸದಾಗಿ ಕಾಣಬೇಕಿಲ್ಲ.

ಪ್ರಜಾಪ್ರಭುತ್ವ ಮರಳಿದ ಮೇಲೆ ಚಿಲಿ ತನ್ನ ಸಾಲ ತೀರಿಸಲು ನೋಡಿದೆ. ಅವರ ಹುಟ್ಟುಹಬ್ಬ ಅಕ್ಟೋಬರ್ 4 ಈಗ ಅಲ್ಲಿ ಸಂಗೀತದ ದಿನ. 2015ರಲ್ಲಿ ಸಾಂಟಿಯಾಗೊದಲ್ಲಿ ಅವರ ಹೆಸರಿನ ವಸ್ತುಸಂಗ್ರಹಾಲಯ ತೆರೆಯಿತು. 2020ರಲ್ಲಿ ಬೆಂಕಿಗೆ ಸಿಕ್ಕಿ ಹಾನಿಯಾಯಿತು. ಅಣ್ಣ ನಿಕನೋರ್ 103 ವರ್ಷ ಬದುಕಿ, ಸ್ಪ್ಯಾನಿಷ್ ಸಾಹಿತ್ಯದ ಅತಿ ದೊಡ್ಡ ಗೌರವವಾದ ಸೆರ್ವಾಂಟಿಸ್ ಪ್ರಶಸ್ತಿ ಪಡೆದು, 2018ರಲ್ಲಿ ತೀರಿಕೊಂಡರು. ಸರ್ಕಸ್ಸುಗಳಲ್ಲಿ ಹಾಡುತ್ತ ಬೆಳೆದ ತಮ್ಮ ರೊಬೆರ್ತೊ ದೇಸಿಮಾಗಳಲ್ಲಿ ಬರೆದ ತನ್ನ ಪ್ರೇಮಕಥೆ 1988ರಲ್ಲಿ ನಾಟಕವಾಗಿ ಚಿಲಿಯ ರಂಗಭೂಮಿಯ ದೊಡ್ಡ ಯಶಸ್ಸಾಯಿತು. ಮೊಮ್ಮಕ್ಕಳೂ ಸಂಗೀತಗಾರರು.

ನಮ್ಮ ಪಾಲಿಗೆ

ಪಾರ್ರಾ ಮನೆತನವನ್ನು ನೋಡಿದರೆ ಸಂಗೀತ ರಕ್ತದಲ್ಲೇ ಇತ್ತು ಎಂದು ಹೇಳಿ ಮುಗಿಸಬಹುದು. ಆದರೆ ವಿಯೊಲೆಟಾರ ಬದುಕು ಹೇಳುವುದು ಬೇರೆ. ರಕ್ತದಲ್ಲಿ ಇದ್ದದ್ದು ಹೆಚ್ಚೆಂದರೆ ದನಿ, ಲಯ. ಹಾಡು ಇದ್ದದ್ದು ಅಮ್ಮನ ನೆನಪಿನಲ್ಲಿ, ಕೂಲಿ ಆಂಗುಲೊ ಅವರ ಇಪ್ಪತ್ತೈದು ತಂತಿಗಳಲ್ಲಿ, ಸೂಲಗಿತ್ತಿ ರೋಸಾ ಅವರ ಬಾಯಲ್ಲಿ. ಅದನ್ನು ಅವರು ಹೋಗಿ ಕೇಳಿದರು, ತಾವೂ ಕಲಿತರು, ಆಮೇಲೆ ತಮ್ಮದೊಂದನ್ನು ಸೇರಿಸಿದರು. ಮಕ್ಕಳು ಅದನ್ನು ಜನ ಬರುವ ಬೀದಿಗೆ ತಂದರು.

ಇಂದು ಪದವಿ ಪಡೆಯುತ್ತಿರುವ ನಮ್ಮ ಮಕ್ಕಳು ಕನ್ನಡ ಓದಬಲ್ಲರು, ಬರೆಯಬಲ್ಲರು. ಅವರ ಅಜ್ಜಿ ತಾತಂದಿರಲ್ಲಿ ಜೋಗುಳ, ಸೋಬಾನೆ, ಬೀಸುವ ಪದ ಬಲ್ಲವರು ಇನ್ನೂ ಇದ್ದಾರೆ. ಈ ಬೇಸಿಗೆ ರಜೆಗೆ ಊರಿಗೆ ಹೋದಾಗ, ಹೋಗಲಾಗದಿದ್ದರೆ ವೀಡಿಯೊ ಕರೆಯಲ್ಲಿ, ಒಂದೇ ಒಂದು ಹಾಡನ್ನು ಕೇಳಿ ಬರೆದುಕೊಂಡು ಬರುವ ಕೆಲಸವನ್ನು ಮಕ್ಕಳಿಗೆ ಕೊಡೋಣ. ಹಾಡಿನ ಕೆಳಗೆ ಹಾಡಿದವರ ಹೆಸರು, ಊರು ಬರೆಯಲಿ. ಮುಂದಿನ ವರ್ಷದ ಸಂಚಿಕೆಗೆ ಅವೇ ಲೇಖನಗಳಾಗುತ್ತವೆ.

ದೊಡ್ಡವರಾದ ನಮ್ಮ ಕೆಲಸ ಇನ್ನೂ ಸುಲಭ. ಶಾಲೆಯ ಹಬ್ಬದ ದಿನ ನಮ್ಮ ಮಗುವಿನ ಸರದಿ ಮುಗಿದ ಮೇಲೂ ಸ್ವಲ್ಪ ಹೊತ್ತು ಕೂರೋಣ. ಬೇರೆಯವರ ಮಗು ಹಾಡುವಾಗಲೂ ಎದುರಿಗೆ ಕೇಳುವ ಕಿವಿಗಳು ಇರಲಿ. ಪದವಿ ಪಡೆದ ಎಲ್ಲ ಮಕ್ಕಳಿಗೂ, ಅವರನ್ನು ಇಲ್ಲಿಯವರೆಗೆ ಕೈಹಿಡಿದು ತಂದ ಶಿಕ್ಷಕರಿಗೂ ಅಭಿನಂದನೆಗಳು.